ಉಬ್ಬುವ ನೆಲದ ಮೇಲೆ ನಾರಿನ ಹೊಟ್ಟು

ಸುರಂಗದ ನೆಲ ಮೇಲಕ್ಕೆ ಬರುತ್ತಿದೆ ಎಂದು ಸರ್ವೆಯರ್ ಹೇಳಿದಾಗ ಪ್ರಾಜೆಕ್ಟ್ ಮ್ಯಾನೇಜರ್ ಅವನ ಲೆವೆಲ್ ಯಂತ್ರವನ್ನೇ ರಿಪೇರಿಗೆ ಕಳಿಸಿದ್ದರಂತೆ. ಯಂತ್ರ ತುಮಕೂರಿಗೆ ಹೋಗಿ, ಏನೂ ಕೆಟ್ಟಿಲ್ಲ ಅನ್ನಿಸಿಕೊಂಡು ವಾಪಸು ಬಂತು. ಅಷ್ಟರಲ್ಲಿ ನೆಲ ಇನ್ನೂ ನಾಲ್ಕು ಬೆರಳು ಏರಿತ್ತು. ಆಮೇಲೆ ನನ್ನನ್ನು ಕರೆಸಿದರು.

ನಾನು ನೀರಾವರಿ ಇಲಾಖೆಯ ಪರವಾಗಿ ಬಂದ ಭೂವಿಜ್ಞಾನಿ. ಸುರಂಗದ ತುದಿಯಲ್ಲಿ ಪ್ರತಿ ಸಲ ಬಂಡೆ ಸಿಡಿಸುವ ಮುಂಚೆ ಅಲ್ಲಿನ ಕಲ್ಲು ನೋಡಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಮದ್ದು ತುಂಬುವ ಹಾಗಿಲ್ಲ. ನನಗಿಂತ ಮುಂಚೆ ಇದ್ದವರು ವರ್ಗವಾಗಿ ಹೋಗಿದ್ದರು. ಜಾಗ ಕಂದಿಕೆರೆಯಿಂದ ಹುಳಿಯಾರಿನ ದಿಕ್ಕಿಗೆ, ಒಂದು ಸಣ್ಣ ಗುಡ್ಡದ ಬುಡ. ಗುಡ್ಡದ ಈಚೆ ತೆಂಗಿನ ತೋಟ, ಆಚೆ ರಾಗಿ ಹೊಲ, ನಡುವೆ ಕಾಲುವೆಯ ನೀರು ದಾಟಿಸಲು ಸುರಂಗ. ತುರುವೇಕೆರೆ ಕಡೆಯ ತೋಟದಲ್ಲಿ ಹುಟ್ಟಿ ಬೆಳೆದ ನನಗೆ ಅಲ್ಲಿ ಹೊಸದು ಅನ್ನಿಸುವಂಥದ್ದು ನೆಲದ ಮೇಲೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಕೆಳಗೆ.

ಸುರಂಗದ ಬಾಯಿಯಿಂದ ಒಳಗೆ ಹೋದರೆ ಮೊದಲು ಗಟ್ಟಿ ಬಂಡೆ, ಮನಸ್ಸಿಗೆ ಧೈರ್ಯ ಕೊಡುವಂಥದ್ದು. ಅರ್ಧ ದಾರಿಗೆ ಅದರ ಬಣ್ಣ ತಿರುಗುತ್ತದೆ. ಹಸಿರು ಹಸಿರಾದ ಪದರಗಲ್ಲು ಶುರುವಾಗುತ್ತದೆ, ಪದರ ಪದರದ ನಡುವೆ ಸಾಬೂನಿನ ಹಾಗೆ ಜಾರುವ ಜೇಡಿ. ಆ ಕೆಟ್ಟ ತುಂಡು ಬಹಳ ಉದ್ದವಿಲ್ಲ, ಅದರ ಆಚೆ ಮತ್ತೆ ಗಟ್ಟಿ ಕಲ್ಲು. ಆದರೆ ತುದಿಯಲ್ಲಿ ಬಂಡೆ ಕೊರೆಯುವ ಹುಡುಗರು ಅದನ್ನು ದಾಟಿಯೇ ಒಳಗೆ ಹೋಗಬೇಕು, ದಾಟಿಯೇ ಹೊರಗೆ ಬರಬೇಕು. ಅಲ್ಲಿ ಛಾವಣಿಯನ್ನು ಉಕ್ಕಿನ ಕಮಾನುಗಳು ಹೊತ್ತಿದ್ದವು. ನೆಲ ಉಬ್ಬಿದರೆ ಕಮಾನುಗಳ ಪಾದ ಒಳಕ್ಕೆ ಜರುಗುತ್ತದೆ, ಪಾದ ಜರುಗಿದ ಕಮಾನು ಭಾರ ಹೊರುವುದಿಲ್ಲ. ಅದು ಬಿದ್ದರೆ ಒಳಗಿದ್ದವರು ಒಳಗೇ.

ಈ ಮಾತು ನನಗಿಂತ ಚೆನ್ನಾಗಿ ಗೊತ್ತಿದ್ದವರು ಫೋರ್‌ಮನ್. ತಿಪಟೂರು ಪೇಟೆಯ ಮೆಕ್ಯಾನಿಕ್ ಮನೆತನದವರು, ಟಿಪ್ಪರ್‌ಗಳೂ ಅವುಗಳ ಹುಡುಗರೂ ಅವರ ಕೈಕೆಳಗೆ. ಎಲ್ಲರೂ ಅವರನ್ನು ಭಾಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ನನ್ನನ್ನು ಒಳಗೆ ಕರೆದುಕೊಂಡು ಹೋದವರು ಕೆಟ್ಟ ತುಂಡಿನ ನಡುವೆ ಒಂದು ಕಮಾನಿನ ಹತ್ತಿರ ನಿಂತುಬಿಟ್ಟರು.

"ಇಲ್ಲೇ ಮೇಡಂ, ನನ್ನ ತಮ್ಮ ಹೋಗಿದ್ದು" ಅಂದರು.

ನಾನು ಹೆಲ್ಮೆಟ್ಟಿನ ದೀಪವನ್ನು ಕಮಾನಿನ ಬುಡಕ್ಕೆ ತಿರುಗಿಸಿದೆ.

"ನೆಲ ಬೆಣ್ಣೆ ಆಗೋಗಿತ್ತು. ಗಾಡಿ ರಿವರ್ಸ್ ಬತ್ತಿತ್ತು, ಇವನು ಹಿಂದೆ ನಿಂತ್ಕೊಂಡು ಸೈಡ್ ಹೇಳ್ತಿದ್ದ. ಚಕ್ರ ಜಾರ್ತು. ಗಾಡಿಗೂ ಈ ಕಮಾನಿಗೂ ಮಧ್ಯ ಸಿಕ್ಕೊಂಡ." ಕಾಲಲ್ಲಿ ನೆಲ ತೋರಿಸಿದರು. "ಅವತ್ತಿಂದ ಈ ಹೊಟ್ಟು ಹಾಕ್ಸಿದೀನಿ. ಒಂದು ಗಾಡಿ ಜಾರಿಲ್ಲ. ಇನ್ನೊಬ್ಬನ್ನ ಈ ಬಿಲಕ್ಕೆ ಕೊಡಲ್ಲ ಕಣ್ರೀ ನಾನು."

ನಮ್ಮ ಕಾಲ ಕೆಳಗೆ ಕಂದು ಬಣ್ಣದ ಹಾಸು, ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹೊಟ್ಟು. ರಸ್ತೆ ಪಕ್ಕದ ನಾರಿನ ಫ್ಯಾಕ್ಟರಿಯಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ, ತೆಗೆದುಕೊಂಡು ಹೋದರೆ ಸಾಕು ಅಂತಾರೆ. ಅದನ್ನು ಟಿಪ್ಪರ್‌ಗಟ್ಟಲೆ ತಂದು ಕೆಟ್ಟ ತುಂಡಿನ ಉದ್ದಕ್ಕೂ ಹಾಸಿದ್ದರು. ಕಾಲಿಗೆ ಮೆತ್ತಗೆ, ಒಣಗಿದ ಹಾಗೆ. ಜಾರುತ್ತಿರಲಿಲ್ಲ ಅನ್ನುವುದು ನಿಜ. ಬೇರೆ ಸುರಂಗಗಳಲ್ಲಿ ಜಲ್ಲಿ ಹಾಕುತ್ತಾರೆ, ಇಲ್ಲಿ ತೆಂಗು ಇದೆ, ಇರುವುದನ್ನು ಬಳಸುತ್ತಾರೆ ಅಂದುಕೊಂಡು ಮುಂದೆ ನಡೆದೆ.

ಕೆಲಸ ಶುರು ಮಾಡಿದ್ದು ಜೇಡಿಯಿಂದ. ಒಂದಿಷ್ಟು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಎರಡು ಗಾಜಿನ ಕೊಳವೆಗಳಿಗೆ ಒಂದೇ ಸಮ ಹಾಕಿದೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ನೀರಿಗೆ ಅದು ಎಷ್ಟು ಉಬ್ಬುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಮರುದಿನ ನೋಡಿದರೆ ನೀರಿನ ಕೊಳವೆಯಲ್ಲಿ ಜೇಡಿ ಎರಡರಷ್ಟು ನಿಂತಿತ್ತು. ಕೊಳವೆಗಳನ್ನು ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ.

ಅವರು ನೋಡಿ, ಕನ್ನಡಕ ತೆಗೆದರು. "ಮೇಡಂ, ಈ ಕೊಳವೆಗೆ ನೀರು ನೀವು ಹಾಕಿದಿರಿ. ಸುರಂಗದಲ್ಲಿ ಯಾರು ಹಾಕಿದರು?"

ನನಗೆ ಮೈ ಉರಿಯಿತು, ಆದರೆ ಪ್ರಶ್ನೆ ನ್ಯಾಯವಾದದ್ದೇ. ಆ ತುಂಡಿನ ಛಾವಣಿಯಿಂದ ಒಂದು ಹನಿ ತೊಟ್ಟಿಕ್ಕುತ್ತಿರಲಿಲ್ಲ. ಗೋಡೆಗಳು ಒಣಗಿದ್ದವು. ನೀರಿಲ್ಲದೆ ಜೇಡಿ ಉಬ್ಬುವುದಿಲ್ಲ, ನೀರು ಎಲ್ಲಿಯೂ ಕಾಣುತ್ತಿಲ್ಲ.

ಮೇಲಿನ ಗುಡ್ಡದ ಭಾರಕ್ಕೆ ನೆಲ ಒತ್ತರಿಸಿಕೊಂಡು ಬರುತ್ತಿದೆ ಅನ್ನುವುದು ಮ್ಯಾನೇಜರ್ ಲೆಕ್ಕ. ಅದಕ್ಕೆ ಅವರ ಪರಿಹಾರವೂ ನೇರವಾದದ್ದು: ಉಬ್ಬಿದ್ದನ್ನು ಕೆತ್ತಿ ತೆಗೆಯುವುದು, ಕಮಾನುಗಳ ನಡುವೆ ಇನ್ನಷ್ಟು ಕಮಾನು ನಿಲ್ಲಿಸುವುದು. ಕೆತ್ತಲು ನೆಲಕ್ಕೆ ಚಿಕ್ಕ ಚಿಕ್ಕ ಕುಳಿ ಕೊರೆದು ಸ್ವಲ್ಪ ಮದ್ದು ತುಂಬಿ ಸಿಡಿಸಿದರು. ಕಸ ಎತ್ತಿದರು, ಮಟ್ಟ ಮಾಡಿದರು, ಮೇಲೆ ಹೊಸ ಹೊಟ್ಟು ಹಾಸಿದರು. ಕೆಲವು ದಿನ ನೆಲ ಅಲುಗಲಿಲ್ಲ. ಮ್ಯಾನೇಜರ್ ಎದುರಿಗೆ ಸಿಕ್ಕಾಗಲೆಲ್ಲ ಮುಗುಳ್ನಕ್ಕರು. ಆಮೇಲೆ ಶುರುವಾಯಿತು ನೋಡಿ, ಮೊದಲಿಗಿಂತ ಜೋರಾಗಿ. ಮತ್ತೆ ಸಿಡಿಸಿದರು. ಮತ್ತೆ ಕೆಲವು ದಿನ ಸುಮ್ಮನಿದ್ದು ಮತ್ತೆ ಬಂತು. ಗೋಡೆಗೆ ಸಿಂಪಡಿಸಿದ ಕಾಂಕ್ರೀಟು ಹಪ್ಪಳದ ಹಾಗೆ ಎದ್ದು ಉದುರತೊಡಗಿತು. ಹೊಸ ಕಮಾನುಗಳ ಪಾದವೂ ಹಳೆಯವುಗಳ ಹಾಗೇ ಒಳಕ್ಕೆ ಸರಿದವು.

ಸರ್ವೆಯರ್ ನೆಲದುದ್ದಕ್ಕೂ ಅಳತೆಯ ಮೊಳೆ ಹೊಡೆದಿದ್ದ. ಪ್ರತಿ ಬೆಳಿಗ್ಗೆ ಹೊಟ್ಟು ಸರಿಸಿ, ಮೊಳೆಯ ಮೇಲೆ ಪಟ್ಟಿ ಹಿಡಿದು ಮಟ್ಟ ನೋಡುತ್ತಿದ್ದ. ಅವನ ಜೊತೆ ನಾನೂ ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಅವನು ಗೊಣಗಿದ. "ಈ ಮೊಳೆ ಮಾತ್ರ ಸತ್ತೋಗೈತೆ ಕಣ್ರೀ ಮೇಡಂ. ಹೊಡ್ದಾಗಿಂದ ಅಲುಗ್ತಿಲ್ಲ."

ಆ ಮೊಳೆ ಇದ್ದ ಜಾಗ ನನಗೆ ಗೊತ್ತಿತ್ತು. ಗೋಡೆಯಲ್ಲಿ ಜೇಡಿಯ ಪದರ ಎಲ್ಲಕ್ಕಿಂತ ದಪ್ಪ ಇದ್ದದ್ದು ಅಲ್ಲೇ. ಉಬ್ಬಿದರೆ ಎಲ್ಲಕ್ಕಿಂತ ಹೆಚ್ಚು ಅಲ್ಲಿ ಉಬ್ಬಬೇಕಿತ್ತು.

"ಇಲ್ಲಿ ನೆಲ ತೆಗೆದವರು ಯಾರು?" ಅಂದೆ.

ಭಾಯಿಗೆ ನೆನಪಿತ್ತು. ಸುರಂಗ ತೋಡುತ್ತಾ ಅಲ್ಲಿಗೆ ಬಂದ ದಿನಗಳಲ್ಲಿ ಕೊರೆಯುವ ಯಂತ್ರ ಕೆಟ್ಟು ಕೂತಿತ್ತಂತೆ. ಸುಮ್ಮನೆ ಕೂರುವುದೇಕೆಂದು ಬ್ರೇಕರ್ ಕಟ್ಟಿದ ಜೆಸಿಬಿಯಲ್ಲಿ ನಾಲ್ಕಾರು ಮಾರು ನೆಲವನ್ನು ಕುಟ್ಟಿ ತೆಗೆದಿದ್ದರು. ಅಂದರೆ ಅಲ್ಲಿಗೆ ಮದ್ದು ಬಿದ್ದಿರಲಿಲ್ಲ.

ನೀರು ಬಳಸದೆ, ಗಾಳಿ ಹಾಯಿಸುತ್ತಾ ನೆಲ ಕೊರೆಸಿ ಎರಡು ಕಡೆಯಿಂದಲೂ ಕಲ್ಲಿನ ದಿಂಡು ತೆಗೆಸಿದೆ. ಮದ್ದು ಬೀಳದ ಕಡೆಯದು ಲಟ್ಟಣಿಗೆಯ ಹಾಗೆ ಇಡಿಯಾಗಿ ಬಂತು, ಅದರೊಳಗಿನ ಜೇಡಿ ಉಗುರು ಊರಲಾಗದಷ್ಟು ಗಟ್ಟಿ. ಸಿಡಿಸಿದ ಕಡೆಯದು ಚೂರು ಚೂರಾಗಿ ಬಂತು. ತೋಳುದ್ದ ಆಳದವರೆಗೂ ಬಿರುಕು, ಪ್ರತಿ ಬಿರುಕಿನ ಮೈಗೂ ಹಸಿ ಜೇಡಿ ಮೆತ್ತಿತ್ತು. ನಮ್ಮ ಕಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಕೂತರೂ ಕೆಡುವುದಿಲ್ಲ, ಚಿಪ್ಪಿಗೆ ಕೂದಲೆಳೆಯಷ್ಟು ಬಿರುಕು ಬಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಇದೂ ಹಾಗೇ. ಇಡಿಯಾಗಿರುವ ಜೇಡಿಗೆ ನೀರು ತಾಕಿದರೆ ಮೇಲಿನ ಚರ್ಮವಷ್ಟೇ ಉಬ್ಬಿ, ಆ ಚರ್ಮವೇ ಒಳಗೆ ನೀರು ಇಳಿಯದ ಹಾಗೆ ಮುಚ್ಚಿಕೊಳ್ಳುತ್ತದೆ. ಸಿಡಿಸಿ ಒಡೆದರೆ ನೀರಿಗೆ ನೂರು ಬಾಗಿಲು.

ಮ್ಯಾನೇಜರ್ ದಿಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ದಡ್ಡರಲ್ಲ ಅವರು. "ಬಿರುಕು ಇದ್ದರೆ ಒಳ್ಳೆಯದೇ ಅಲ್ಲವೇ? ಜೇಡಿಗೆ ಉಬ್ಬಲು ಜಾಗ ಸಿಗುತ್ತದೆ, ಕಮಾನಿನ ಮೇಲೆ ಒತ್ತಡ ಕಡಿಮೆ" ಅಂದರು.

ಆ ಮಾತು ನನ್ನ ತಲೆಯಲ್ಲಿ ಇಡೀ ದಿನ ಸುತ್ತಿತು. ತಪ್ಪು ಮಾತಲ್ಲ. ಜೇಡಿ ಮೊದಲು ಬಿರುಕುಗಳ ಒಳಗೇ ಹರಡಿಕೊಳ್ಳುತ್ತದೆ, ಅದಕ್ಕೇ ಪ್ರತಿ ಸಲ ಸಿಡಿಸಿದ ಮೇಲೆ ಕೆಲವು ದಿನ ನೆಲ ಸುಮ್ಮನಿರುತ್ತಿತ್ತು. ಬಿರುಕು ತುಂಬಿದ ಮೇಲೆ ಅದಕ್ಕೆ ಹೋಗಲು ಉಳಿಯುವುದು ಮೇಲಕ್ಕೆ ಮಾತ್ರ. ಗುಣವಾಯಿತು ಅಂತ ನಾವು ತಿಳಿದ ದಿನಗಳು ಅದು ಒಳಗೆ ತುಂಬಿಕೊಳ್ಳುತ್ತಿದ್ದ ದಿನಗಳು. ನಾವು ಕೆತ್ತಿದಷ್ಟೂ ಆಳಕ್ಕೆ ಹೊಸ ಬಾಗಿಲು ತೆರೆದುಕೊಟ್ಟಿದ್ದೆವು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ.

ಅಷ್ಟಾದರೂ ನೀರೆಲ್ಲಿಂದ ಬಂತು ಅನ್ನುವುದು ಉಳಿದೇ ಇತ್ತು.

ಅದು ಗೊತ್ತಾದದ್ದು ಒಂದು ಮಧ್ಯಾಹ್ನ. ಮೊಳೆಯೊಂದರ ಹತ್ತಿರ ಮಂಡಿಯೂರಿ ಕೂತವಳು ಏಳುವಾಗ ಕೈ ಊರಿದೆ. ಕೈ ಹೊಟ್ಟಿನೊಳಗೆ ಮಣಿಕಟ್ಟಿನ ತನಕ ಇಳಿಯಿತು. ಮೇಲೆ ಒಣಗಿ ಪುಡಿಪುಡಿ, ಕೆಳಗೆ ತಣ್ಣಗೆ ಕೊರೆಯುವ ಹಾಗೆ ಒದ್ದೆ. ಒಂದು ಹಿಡಿ ಎತ್ತಿ ಹಿಂಡಿದೆ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಿತು.

ತುದಿಯಲ್ಲಿ ಬಂಡೆ ಕೊರೆಯುವಾಗ ಬಿಡುವ ನೀರು ಇಳಿಜಾರಿನಲ್ಲಿ ಹಿಂದಕ್ಕೆ ಹರಿದು ಬಂದು ಹೊಟ್ಟಿನೊಳಗೆ ಸೇರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಹಾಸಿಲ್ಲದಿದ್ದರೆ ಹರಿದು ಹೊರಗಾದರೂ ಹೋಗುತ್ತಿತ್ತು. ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನ ಬುಡದ ಪಾತಿಗೆ ಇದೇ ಹೊಟ್ಟು ತುಂಬುತ್ತೇವೆ, ಯಾಕೆ? ಬೇಸಗೆಯಲ್ಲೂ ನೀರು ಹಿಡಿದಿಟ್ಟು ಬೇರಿಗೆ ಸ್ವಲ್ಪ ಸ್ವಲ್ಪವೇ ಕುಡಿಸಲಿ ಅಂತ. ಅಲ್ಲಿ ಕೆಲಸ ಮಾಡುತ್ತಿದ್ದ ಅರ್ಧ ಜನಕ್ಕೆ ತೋಟವಿತ್ತು. ಸುರಂಗದೊಳಗೆ ಬಂದ ಕೂಡಲೇ ಅದು ನೆಲ ಒಣಗಿಸುತ್ತದೆ ಎಂದು ಅಷ್ಟು ಜನವೂ ನಂಬಿದ್ದರು. ಮೇಲೆ ಒಣಗಿ ಕಂಡಿತಲ್ಲ, ಅಷ್ಟೇ ಸಾಕಾಗಿತ್ತು.

ಭಾಯಿಯನ್ನು ಒಬ್ಬರನ್ನೇ ಕರೆದೆ. ಹೇಗೆ ಹೇಳಲಿ ಎಂದು ಯೋಚಿಸುವ ವ್ಯವಧಾನ ನನಗೆ ಹುಟ್ಟಿನಿಂದಲೇ ಇಲ್ಲ, ನೇರ ಹೇಳಿಬಿಟ್ಟೆ. ಹೊಟ್ಟು ತೆಗೀಬೇಕು, ಪೂರ್ತಿ.

"ಆಗಲ್ಲ" ಅಂದರು.

"ಭಾಯಿ, ಇದು ನೆಲಕ್ಕೆ ನೀರು ಕುಡಿಸ್ತಿದೆ."

"ಏನು ಬೇಕಾರೂ ಮಾಡ್ರಿ, ಇದು ತೆಗೆಯಲ್ಲ. ತೆಗೆದ್ರೆ ನಾಳೆನೇ ಗಾಡಿ ಜಾರುತ್ತೆ. ನೀವು ಕಲ್ಲು ನೋಡೋರು. ಗಾಡಿ ಹಿಂದೆ ನಿಲ್ಲೋರು ನನ್ನ ಹುಡುಗ್ರು."

"ಆ ಹುಡುಗ್ರ ತಲೆ ಮೇಲಿರೋ ಕಮಾನು ನೋಡಿದೀರಾ? ಪಾದ ಎಲ್ಲಿಗೆ ಬಂದಿದೆ ಅಂತ ನೋಡಿದೀರಾ?" ನನ್ನ ದನಿ ಏರಿತ್ತು. "ಒಬ್ಬನ್ನ ಉಳಿಸೋಕೆ ಹೋಗಿ ಎಲ್ರುನೂ ಒಳಗೆ ಹಾಕಿ ಬಾಗಿಲು ಮುಚ್ತಿದೀರ ನೀವು."

ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಬಗ್ಗಿ ಒಂದು ಹಿಡಿ ಹೊಟ್ಟು ಎತ್ತಿಕೊಂಡು ಹಿಂಡಿದರು, ನೀರು ಇಳಿಯಿತು. ಸರಿದು ಇನ್ನೊಂದು ಕಡೆ ಎತ್ತಿ ಹಿಂಡಿದರು. ಮೂರನೆಯ ಹಿಡಿಯನ್ನು ಹಿಂಡದೆ ಹಾಗೇ ಕೆಳಗೆ ಬಿಟ್ಟರು.

"ನಾನೇ ಹಾಕಿದ್ದು" ಅಂದರು. "ದಿನಾ ನಾನೇ ನಿಂತು ಹಾಕ್ಸಿದ್ದು ಕಣ್ರೀ."

"ಮೊದಲು ಒಡೆದದ್ದು ಮದ್ದು. ನೆಲ ಒಡೀದೇ ಇದ್ದಿದ್ರೆ ನಿಮ್ಮ ಹೊಟ್ಟು ಏನೂ ಮಾಡ್ತಿರಲಿಲ್ಲ" ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ದಿಂಡುಗಳು ಹೇಳಿದ್ದೇ ಅದು. ಅವರಿಗೆ ಕೇಳಿಸಿತೋ ಇಲ್ಲವೋ.

ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೇಳಿದರು. "ಇದರ ಬದಲು ಏನು ಹಾಕ್ತೀರ?"

"ಕಾಂಕ್ರೀಟು. ಸ್ವಲ್ಪ ಸ್ವಲ್ಪವೇ ನೆಲ ತೆಗೆದು, ತೆಗೆದ ಪಾಳಿಯಲ್ಲೇ ಮುಚ್ಚೋದು. ಗಾಳಿಗೂ ಬಿಡಬಾರದು, ನೀರಿಗೂ ಬಿಡಬಾರದು."

ಮ್ಯಾನೇಜರ್ ಕೋಣೆಯಲ್ಲಿ ನಡೆದದ್ದನ್ನು ಉದ್ದ ಮಾಡುವುದಿಲ್ಲ. ನೆಲ ಮುಚ್ಚುವ ತನಕ ತುದಿಯ ಕೆಲಸ ನಿಲ್ಲಬೇಕು, ಈ ತುಂಡಿನಲ್ಲಿ ಇನ್ನು ಮದ್ದು ಕೂಡದು, ಬ್ರೇಕರ್ ಮಾತ್ರ, ಕೊರೆಯುವ ನೀರನ್ನು ಪೈಪಿನಲ್ಲಿ ಹೊರಗೆ ಹಾಕಬೇಕು ಎಂದೆ. ನೆಲದ ಕಾಂಕ್ರೀಟನ್ನು ಸುರಂಗವೆಲ್ಲ ಕೊರೆದಾದ ಮೇಲೆ ಒಟ್ಟಿಗೆ ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ಅವರಿಗೂ ಮೇಲಿನಿಂದ ಒತ್ತಡವಿತ್ತು. ತುದಿಯ ಕೆಲಸವೂ ನಡೆಯಲಿ, ಜೊತೆಜೊತೆಗೆ ನೆಲವೂ ಮುಚ್ಚೋಣ ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮಾತು.

"ನಾನು ಇನ್ನು ಸಹಿ ಹಾಕುವುದಿಲ್ಲ" ಅಂದೆ. "ಒಳಗಿರುವವರನ್ನು ಈಗಲೇ ಹೊರಗೆ ಕರೆಸಿ."

"ಯೋಚಿಸಿ ಹೇಳಿ ಮೇಡಂ. ನಿಮ್ಮ ಸಹಿಗೆ ನಾಳೆ ಬೇರೆಯವರು ಬರಬಹುದು."

"ಬರಲಿ. ಅವರೂ ಆ ಕಮಾನುಗಳ ಕೆಳಗೆ ನಡೆದೇ ತುದಿಗೆ ಹೋಗಬೇಕು."

ಅವರು ಮೇಜಿನ ಮೇಲಿದ್ದ ದಿಂಡುಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಫೋನು ಎತ್ತಿ ಒಳಗಿನವರನ್ನು ಕರೆಸಲು ಹೇಳಿದರು. ಆ ಒಂದು ಫೋನಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ನಾನು ಒಳಗೆ ಓಡಿದೆ. ಭಾಯಿ ನನಗಿಂತ ಮುಂಚೆ ಹೋಗಿ ಕೆಟ್ಟ ತುಂಡಿನ ನಡುವೆ, ಅದೇ ಕಮಾನಿನ ಹತ್ತಿರ ನಿಂತಿದ್ದರು. ತುದಿಯಿಂದ ಹುಡುಗರು ಹೆಲ್ಮೆಟ್ಟಿನ ದೀಪ ಉರಿಸಿಕೊಂಡು ಸಾಲಾಗಿ ಬರುತ್ತಿದ್ದರು, ಏನಾಗಿದೆ ಎಂದು ತಿಳಿಯದೆ ಮಾತಾಡಿಕೊಂಡು. "ಮಾತಾಡ್ಬ್ಯಾಡ್ರೋ, ನಡೀರಿ" ಅಂದರು ಭಾಯಿ, ಒಬ್ಬೊಬ್ಬರ ಬೆನ್ನ ಮೇಲೂ ಕೈಯಿಟ್ಟು ದಾಟಿಸುತ್ತಾ. ಅರ್ಧ ಜನ ದಾಟಿದ್ದರು, ಆಗ ಮೇಲೆ ಎಲ್ಲೋ ಒಂದು ಬೋಲ್ಟು ತುಂಡಾದ ಶಬ್ದ ಬಂತು, ಕೋವಿ ಹಾರಿಸಿದ ಹಾಗೆ. ನಾನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡೆ. ಅಷ್ಟು ಹೆದರಿದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ. ಭಾಯಿ ಮಾತ್ರ ಜಾಗ ಬಿಡಲಿಲ್ಲ. ಕೊನೆಯವನು ದಾಟುವ ತನಕ ಒಂದು ಕೈ ಕಮಾನಿನ ಮೇಲಿತ್ತು, ಹೊರುವವರ ಹಾಗೆ.

ಎಲ್ಲರೂ ಹೊರಗೆ ಬಂದರು. ಕಮಾನು ಬೀಳಲಿಲ್ಲ. ಮಾರನೆಯ ದಿನ ಬಿಗಿಯಾದ ಉಕ್ಕಿನ ಆನಿಕೆಗಳನ್ನು ಕೊಟ್ಟು ಅದನ್ನು ಹಿಡಿದು ನಿಲ್ಲಿಸಿದೆವು.

ಆಮೇಲಿನದು ಬರೀ ಕೆಲಸ. ಸುರಂಗದ ಬಾಯಿಯ ಕಡೆಯಿಂದ ಶುರು ಮಾಡಿ, ಒಂದು ಸಲಕ್ಕೆ ಎರಡು ಕಮಾನಿನ ನಡುವಿನಷ್ಟೇ ನೆಲ, ಒಂದೇ ಪಟ್ಟಿ. ಹೊಟ್ಟು ಎತ್ತುವುದು, ಒಡೆದ ಕಲ್ಲನ್ನು ಬ್ರೇಕರ್‌ನಲ್ಲಿ ಇಡಿ ಕಲ್ಲು ಸಿಗುವ ತನಕ ತೆಗೆಯುವುದು, ನೀರು ಮುಟ್ಟಿಸದೆ ಗಾಳಿಯಲ್ಲಿ ಊದಿ ಗುಡಿಸುವುದು, ಕೂಡಲೇ ಕಾಂಕ್ರೀಟು ಸಿಂಪಡಿಸಿ ಮುಚ್ಚುವುದು, ಅದರ ಮೇಲೆ ಕಂಬಿ ಕಟ್ಟಿ, ನಡು ತಗ್ಗಾಗಿ ಎರಡು ಅಂಚು ಏರುವಂತೆ ದಪ್ಪ ಕಾಂಕ್ರೀಟು ಹಾಕಿ ಕಮಾನಿನ ಎರಡೂ ಪಾದಗಳನ್ನು ಬಿಗಿಯುವುದು. ಮೊದಲ ಪಟ್ಟಿಯಲ್ಲೇ ಎಡವಿದೆವು. ಮಿಕ್ಸರ್ ಕೆಟ್ಟು ಕಾಂಕ್ರೀಟು ತಡವಾಯಿತು, ತೆರೆದಿಟ್ಟ ಜೇಡಿ ಕಣ್ಣೆದುರೇ ಹಸಿಯಾಗಿ ಮತ್ತೆ ಅಷ್ಟೂ ತೆಗೆಯಬೇಕಾಯಿತು. ಆಮೇಲೆ ಕಾಂಕ್ರೀಟು ಬಾಗಿಲಿಗೆ ಬಂದು ನಿಲ್ಲುವ ತನಕ ನೆಲಕ್ಕೆ ಕೈ ಹಾಕಬಾರದು ಅಂತ ಕಟ್ಟುನಿಟ್ಟು ಮಾಡಿದೆ. ನನ್ನ ಬಾಯಿಗೆ ಹೆದರಿ ಎಲ್ಲರೂ ಪಾಲಿಸಿದರು.

ಹೊಟ್ಟು ಎತ್ತುವ ಕೆಲಸವನ್ನು ಭಾಯಿ ಬೇರೆಯವರಿಗೆ ಬಿಡಲಿಲ್ಲ. ಗುದ್ದಲಿ ಹಿಡಿದು ತಾವೇ ಬಾಣಲೆಗೆ ತುಂಬಿದರು. ಒಂದು ಪಟ್ಟಿಗೆ ಮೇಸ್ತ್ರಿ ಕಾಂಕ್ರೀಟಿನ ಮೇಲ್ಮೈಯನ್ನು ಕರಣೆಯಲ್ಲಿ ನುಣ್ಣಗೆ ಎಳೆಯುವುದನ್ನು ನೋಡಿ ತಡೆದರು. "ಇದು ನಿಮ್ಮನೆ ಹಜಾರ ಅಲ್ಲ ಕಣಪ್ಪ, ಚಕ್ರ ಕಚ್ಚಬೇಕು" ಅಂದರು. ಮರುದಿನ ತೆಂಗಿನ ಕಡ್ಡಿ ಪೊರಕೆಗಳ ಒಂದು ಕಟ್ಟನ್ನೇ ತಂದರು. ಕಾಂಕ್ರೀಟು ಹಸಿ ಇರುವಾಗಲೇ ಹಲಗೆಯ ಮೇಲೆ ಮಂಡಿಯೂರಿ, ಈ ಗೋಡೆಯಿಂದ ಆ ಗೋಡೆಗೆ ಪೊರಕೆ ಎಳೆದು ಗೀರು ಹಾಕಿದರು. ಪ್ರತಿ ಪಟ್ಟಿಗೂ ಅವರೇ. ಮುಚ್ಚಿದ ಕಡೆ ಸರ್ವೆಯರ್ ಹೊಸದಾಗಿ ಹೊಡೆದ ಮೊಳೆಗಳು ಇದ್ದಲ್ಲೇ ನಿಂತವು. ಈ ಸಲ ನಾನು ಬೇಗ ನಂಬಲಿಲ್ಲ. ಸುಮ್ಮನಿರುವ ದಿನಗಳು ಒಂದು ಸಲ ಮೋಸ ಮಾಡಿದ್ದವು. ಹಿಂದಿನ ಸಲಕ್ಕಿಂತ ಬಹಳ ದಿನ ಕಾದೆವು. ಮೊಳೆಗಳು ಅಲುಗಲಿಲ್ಲ.

ಆನಿಕೆ ಕೊಟ್ಟಿದ್ದ, ಭಾಯಿಯ ತಮ್ಮ ಹೋದ ಆ ಕಮಾನಿನ ಕೆಳಗಿನ ಪಟ್ಟಿಯನ್ನು ಕೊನೆಗೆಂದು ಉಳಿಸಿಕೊಂಡಿದ್ದೆವು. ಅದರ ಮೇಲೆ ಪೊರಕೆ ಎಳೆಯುವಾಗ ಭಾಯಿ ನನ್ನನ್ನು ಹತ್ತಿರ ಕರೆದರು. ತಲೆಯೆತ್ತದೆ ಕೇಳಿದರು.

"ಮೇಡಂ, ಒಂದು ಮಾತು. ಮೊದಲೇ ಹಿಂಗೆ ಮಾಡಿದ್ರೆ ನನ್ನ ತಮ್ಮ ಉಳೀತಿದ್ನಾ?"

ನನಗೆ ಸುಳ್ಳು ಹೇಳಲು ಬರುತ್ತದೆ. ಅಲ್ಲಿ ಎರಡು ಮೂರು ಸುಳ್ಳು ಬಾಯಿಗೂ ಬಂದವು. ಆದರೆ ಅವರು ಕೇಳಿದ್ದು ಸಮಾಧಾನವನ್ನಲ್ಲ.

"ಉಳೀತಿದ್ರು ಭಾಯಿ" ಅಂದೆ.

ಅವರು ತಲೆಯಾಡಿಸಿದರು. ಪೊರಕೆ ಅರ್ಧದಲ್ಲಿ ನಿಂತಿತ್ತು, ಅದನ್ನು ಗೋಡೆಯ ತನಕ ನೆಟ್ಟಗೆ ಎಳೆದು ಮುಗಿಸಿದರು.

ಕಾಂಕ್ರೀಟು ಬಲಿತ ಮೇಲೆ ಮೊದಲ ಟಿಪ್ಪರನ್ನು ಅವರೇ ಓಡಿಸಿದರು, ಕಲ್ಲು ತುಂಬಿಸಿಕೊಂಡು, ರಿವರ್ಸಿನಲ್ಲಿ. ಹಿಂದೆ ಯಾರೂ ನಿಲ್ಲಬಾರದೆಂದು ಗದರಿ ಎಲ್ಲರನ್ನೂ ದೂರ ಕಳಿಸಿದ್ದರು. ಗಾಡಿ ಕಮಾನಿನ ಕೆಳಗೆ ಬಂದಾಗ ಜೋರಾಗಿ ಬ್ರೇಕು ಒತ್ತಿದರು. ಚಕ್ರ ಗೀರುಗಳ ಮೇಲೆ ಕಚ್ಚಿ ನಿಂತಿತು. ಗಾಡಿ ಆರಿಸಿದರು. ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ. ನಾನು ಹೋಗಿ ಕಿಟಕಿಯ ಹತ್ತಿರ ನಿಂತಾಗ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅಳುತ್ತಿದ್ದರು.

"ಜಾರಲಿಲ್ಲ ಕಣ್ರೀ" ಅಂದರು.